ಹಸನು ಮಾಡುವುದು ಎಲ್ಲಿಯವರೆಗೆ?



ಜೋಳದ ರಾಶಿಯಾದ ಮೇಲೆ ಕಾಳನ್ನು ಹಸನು ಮಾಡದೆ ಚೀಲಕ್ಕೆ ತುಂಬುವವರು ನಮ್ಮಲ್ಲಿ ಯಾರೂ ಇಲ್ಲ. ತೂರಿ ಹೊಟ್ಟು ಹಾರಿಸುತ್ತೇವೆ, ಮರದಲ್ಲಿ ಕೇರಿ ಜೊಳ್ಳು ತೆಗೆಯುತ್ತೇವೆ, ಮನೆಗೆ ಬಂದ ಮೇಲೆ ತಾಯಂದಿರು ಹರಳು ಆರಿಸುತ್ತಾರೆ. ಇದನ್ನು ಯಾರೂ ಮೋಸವೆನ್ನುವುದಿಲ್ಲ. ಮಾಡದೆ ಮಾರಿದರೆ ಮೋಸವೆನ್ನುತ್ತಾರೆ. ಆದರೆ ಹಳೆಯ ಬೇಳೆಗೆ ಬಣ್ಣ ಕೊಟ್ಟು ಹೊಸದರ ಹೊಳಪು ಬರಿಸಿದವನನ್ನು ಕೇಳಿದರೆ ಅವನೂ "ಹಸನು ಮಾಡಿದ್ದೇನೆ" ಎಂದೇ ಹೇಳುತ್ತಾನೆ. ಎರಡು ಕೆಲಸಕ್ಕೂ ಒಂದೇ ಮಾತು. ಮೊದಲನೆಯದು ಎಲ್ಲಿ ಮುಗಿದು ಎರಡನೆಯದು ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಕಾಳಿನ ವಿಷಯದಲ್ಲಿ ನಮ್ಮ ಕೈಗಳೇ ಬಲ್ಲವು. ಇಲ್ಲಿ ವಿಚಾರ ಮಾಡಬೇಕೆಂದಿರುವುದು ನುಡಿಸಿದ ಸಂಗೀತವನ್ನು ಕಂಪ್ಯೂಟರಿನಲ್ಲಿ ಹಸನು ಮಾಡುವ ಬಗ್ಗೆ. ಅಲ್ಲಿ ನಮ್ಮ ಕೈಗಳಿಗೆ ಆ ಗೆರೆ ಇನ್ನೂ ತಿಳಿದಿಲ್ಲ.

ಅಕ್ಕಲಕೋಟೆ, ಜತ್ತ, ಸೊಲ್ಲಾಪುರದ ಕಡೆಗಾಗಲಿ, ಆದೋನಿ, ರಾಯದುರ್ಗದ ಕಡೆಗಾಗಲಿ, ನಮ್ಮವರಿರುವ ಊರುಗಳಲ್ಲಿ ಭಜನೆಯ ಪರಿಚಯವಿಲ್ಲದ ಮನೆ ಕಡಿಮೆ. ಈಗ ಹಾರ್ಮೋನಿಯಂ ಪಕ್ಕಕ್ಕೆ ಕೀಬೋರ್ಡು ಬಂದು ಕುಳಿತಿದೆ. ಪೇಟೆಗೆ ಹೋಗಿ ಕಲಿತು ಬಂದ ಹುಡುಗರು ಮನೆಯ ಒಂದು ಖೋಲಿಯಲ್ಲಿ ಕಂಪ್ಯೂಟರಿಟ್ಟುಕೊಂಡು ವಚನ, ಭಜನೆ, ತತ್ವಪದಗಳನ್ನು ಮುದ್ರಿಸಿಕೊಳ್ಳುತ್ತಾರೆ. ಇದು ಸಂತೋಷದ ಸಂಗತಿಯೇ. ಆದರೆ ನುಡಿಸುವುದು ಅರ್ಧ ತಾಸಿನ ಕೆಲಸವಾದರೆ, ನುಡಿಸಿದ್ದನ್ನು ಹಸನು ಮಾಡುವುದು ಎರಡು ದಿನದ ಕೆಲಸವಾಗಿದೆ. ಆ ಎರಡು ದಿನದಲ್ಲಿ ಏನು ನಡೆಯಿತೆಂಬುದು ನುಡಿಸಿದವನಿಗೂ ತಿಳಿಯುವುದಿಲ್ಲ, ಕೇಳುವವನಿಗೂ ತಿಳಿಯುವುದಿಲ್ಲ. ಬಾಗಿಲು ಮುಚ್ಚಿದ ಖೋಲಿಯಲ್ಲಿ ನಡೆಯುವ ಕೆಲಸವಾದ್ದರಿಂದ ಅದರ ನ್ಯಾಯ ಅನ್ಯಾಯವನ್ನು ಬಯಲಿನಲ್ಲಿ ಕುಳಿತು ಮಾತಾಡುವುದು ಒಳ್ಳೆಯದು.

ಹೀಗೆ ಮುದ್ರಿಸುವುದರಲ್ಲಿ ಎರಡು ಬಗೆ. ಒಂದು, ಮೈಕಿನ ಮುಂದೆ ಹಾಡಿ ಧ್ವನಿಯನ್ನೇ ಹಿಡಿದಿಡುವುದು. ಇನ್ನೊಂದಕ್ಕೆ ಮಿಡಿ ಎನ್ನುತ್ತಾರೆ. ಮಿಡಿ ಎಂದರೆ ನಮಗೆ ಮಾವಿನ ಮಿಡಿ ನೆನಪಾಗುತ್ತದೆ, ತಂತಿ ಮಿಡಿಯುವುದು ನೆನಪಾಗುತ್ತದೆ. ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ ಡಿಜಿಟಲ್ ಇಂಟರ್‌ಫೇಸ್ ಎಂಬ ಉದ್ದ ಹೆಸರಿನ ಮೊದಲ ಅಕ್ಷರಗಳು ಸೇರಿ ಆದ ಮಾತು ಅದು. ಒಂದು ಕಂಪನಿಯ ವಾದ್ಯಕ್ಕೆ ಇನ್ನೊಂದು ಕಂಪನಿಯ ವಾದ್ಯದ ಭಾಷೆ ತಿಳಿಯದಿದ್ದ ಕಾಲದಲ್ಲಿ, ಜಪಾನಿನ ರೋಲ್ಯಾಂಡ್ ಕಂಪನಿಯ ಇಕುತಾರೊ ಕಾಕೆಹಾಶಿ ಮತ್ತು ಅಮೆರಿಕದ ಡೇವ್ ಸ್ಮಿತ್ ಮುಂದೆ ನಿಂತು ಎಲ್ಲ ವಾದ್ಯಗಳಿಗೂ ಒಂದೇ ಭಾಷೆಯನ್ನು ಗೊತ್ತುಮಾಡಿದರು. 1983ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಒಂದು ವ್ಯಾಪಾರ ಮೇಳದಲ್ಲಿ ಎರಡು ಬೇರೆ ಕಂಪನಿಗಳ ವಾದ್ಯಗಳನ್ನು ಒಂದು ತಂತಿಯಿಂದ ಜೋಡಿಸಿ, ಒಂದನ್ನು ಒತ್ತಿದರೆ ಇನ್ನೊಂದು ನುಡಿಯುವುದನ್ನು ತೋರಿಸಲಾಯಿತು. ಆ ಭಾಷೆಯನ್ನು ಬಳಸಲು ಇತರರಿಂದ ಅವರು ಹಣ ಕೇಳಲಿಲ್ಲ. ಅದಕ್ಕೇ ಅದು ಊರೂರಿಗೆ ಮುಟ್ಟಿತು. ವ್ಯಾಪಾರಸ್ಥ ಬಾಂಧವರು ಇದನ್ನೊಂದಿಷ್ಟು ಗಮನಿಸಬೇಕು. 2013ರಲ್ಲಿ ಇಬ್ಬರಿಗೂ ಗ್ರ್ಯಾಮಿಯ ತಾಂತ್ರಿಕ ಪ್ರಶಸ್ತಿ ಬಂದಿತು.

ಈಗ ಮುಖ್ಯ ಮಾತಿಗೆ ಬರೋಣ. ಮಿಡಿಯು ಧ್ವನಿಯನ್ನು ಬರೆದುಕೊಳ್ಳುವುದೇ ಇಲ್ಲ. ನುಡಿಸಿದವನು ಏನು ಮಾಡಿದ ಎಂಬುದನ್ನು ಬರೆದುಕೊಳ್ಳುತ್ತದೆ. ಯಾವ ಮನೆಯನ್ನು ಒತ್ತಿದ, ಯಾವ ಕ್ಷಣಕ್ಕೆ ಒತ್ತಿದ, ಎಷ್ಟು ಬಲದಿಂದ ಒತ್ತಿದ, ಯಾವಾಗ ಬಿಟ್ಟ. ಮನೆಗಳಿಗೆ 0ರಿಂದ 127ರವರೆಗೆ ಸಂಖ್ಯೆ ಇರುತ್ತದೆ. ಬಲಕ್ಕೂ 1ರಿಂದ 127ರವರೆಗೆ ಸಂಖ್ಯೆ. ಕಾಲವನ್ನಂತೂ ಬಹಳ ಸೂಕ್ಷ್ಮವಾಗಿ ಅಳೆಯುತ್ತಾರೆ. ನಿಮಿಷಕ್ಕೆ 120 ಮಾತ್ರೆಯ ನಡೆಯಲ್ಲಿ ಒಂದು ಮಾತ್ರೆ ಅರ್ಧ ಸೆಕೆಂಡು. ಅದನ್ನು 480 ಪಾಲು ಮಾಡಿ ಬರೆದುಕೊಳ್ಳುವುದು ಸಾಮಾನ್ಯ. ಅಂದರೆ ಒಂದೊಂದು ಪಾಲು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು. ಕೊನೆಗೆ ಕೈಗೆ ಸಿಗುವುದು ಒಂದು ಪಟ್ಟಿ. ಆ ಪಟ್ಟಿಯನ್ನು ಓದಿ ಕಂಪ್ಯೂಟರು ಹಾರ್ಮೋನಿಯಂ ಧ್ವನಿಯಲ್ಲಾದರೂ ನುಡಿಸುತ್ತದೆ, ಕೊಳಲಿನ ಧ್ವನಿಯಲ್ಲಾದರೂ ನುಡಿಸುತ್ತದೆ.

ಆದ್ದರಿಂದ ಇದನ್ನು ಮಾಲಿಗೆ ಹೋಲಿಸುವುದಕ್ಕಿಂತ ಕೀರ್ದಿಗೆ ಹೋಲಿಸುವುದು ಸರಿ. ಕೀರ್ದಿ ಎಂದರೆ ನಡೆದದ್ದರ ಬರಹ. ಅದರಲ್ಲಿ ತಪ್ಪು ಬಿದ್ದರೆ ಕೆರೆದು ಅಳಿಸಬಾರದೆಂದು ಹಿರಿಯರು ಕಲಿಸಿದ್ದಾರೆ. ಗೆರೆ ಎಳೆದು, ಪಕ್ಕದಲ್ಲಿ ಸರಿ ಅಂಕಿ ಬರೆದು, ಸಹಿ ಹಾಕಬೇಕು. ಅಳಿಸಿದ ಗುರುತು ಕಂಡರೆ ಇಡೀ ಪುಟದ ಮೇಲಿನ ನಂಬಿಕೆ ಹೋಗುತ್ತದೆ. ಕಂಪ್ಯೂಟರಿನಲ್ಲಿ ತಿದ್ದಿದ ಅಂಕಿಗೆ ಅಂಥ ಗುರುತೇ ಉಳಿಯುವುದಿಲ್ಲ. ಇವತ್ತು ಸರಿಸಿದ ಸ್ವರವೂ ಅಂದು ನುಡಿಸಿದ ಸ್ವರವೂ ಒಂದೇ ಬಣ್ಣದಲ್ಲಿ, ಒಂದೇ ಸಾಲಿನಲ್ಲಿ ನಿಂತಿರುತ್ತವೆ.

ಇದು ಹೊಸ ಪ್ರಶ್ನೆಯೆಂದು ಯಾರೂ ಭಾವಿಸಬೇಕಾಗಿಲ್ಲ. ಮಿಡಿ ತಿದ್ದುವ ಪರದೆಗೆ ಇವತ್ತಿಗೂ ಪಿಯಾನೊ ರೋಲ್ ಎಂದೇ ಹೆಸರು. ನೂರು ವರ್ಷಗಳಿಗೂ ಹಿಂದೆ ಯುರೋಪು, ಅಮೆರಿಕಗಳಲ್ಲಿ ತೂತು ಹಾಕಿದ ಕಾಗದದ ಸುರುಳಿಯಿಂದ ತಾನೇ ನುಡಿಯುವ ಪಿಯಾನೊಗಳಿದ್ದವು. 1904ರಲ್ಲಿ ಜರ್ಮನಿಯ ವೆಲ್ಟೆ ಕಂಪನಿ ದೊಡ್ಡ ವಾದಕರು ನುಡಿಸಿದ್ದನ್ನು ಸುರುಳಿಯ ಮೇಲೆ ಹಿಡಿಯುವ ಯಂತ್ರವನ್ನು ಹೊರತಂದಿತು. ಇಂಥ ಸುರುಳಿಗಳಲ್ಲಿ ತಪ್ಪಿ ಬಿದ್ದ ತೂತನ್ನು ಮುಚ್ಚಿ, ಬೇಕಾದಲ್ಲಿ ಹೊಸ ತೂತು ಕೊರೆಯುವುದು ಸಾಧ್ಯವಿತ್ತು, ಕೊರೆಯುತ್ತಲೂ ಇದ್ದರು. ಕೇಳುವವನು ಕೇಳುತ್ತಿದ್ದುದು ವಾದಕನ ಬೆರಳನ್ನೋ, ಕೊರೆಯುವವನ ಕತ್ತಿಯನ್ನೋ ಎಂಬ ಸಂಶಯ ಅಂದಿನಿಂದಲೂ ಇದೆ.

ಹಾಗಾದರೆ ಪಟ್ಟಿಯನ್ನು ಮುಟ್ಟಲೇಬಾರದೆ? ಹಾಗೆಂದರೆ ಅದು ಹಟವಾದೀತು. ಕೆಲವು ತಪ್ಪು ಯಂತ್ರದ್ದೇ ಆಗಿರುತ್ತದೆ. ಬೆರಳು ಒತ್ತಿದ ಕ್ಷಣಕ್ಕೂ ಕಂಪ್ಯೂಟರು ಬರೆದುಕೊಂಡ ಕ್ಷಣಕ್ಕೂ ನಡುವೆ ಒಮ್ಮೊಮ್ಮೆ ಸೆಕೆಂಡಿನ ನೂರರಲ್ಲಿ ಒಂದೆರಡು ಪಾಲಿನ ತಡ ಬೀಳುತ್ತದೆ. ಆಗ ಇಡೀ ಮುದ್ರಣವನ್ನೇ ಅಷ್ಟು ಹಿಂದಕ್ಕೆ ಸರಿಸುತ್ತಾರೆ. ಇದರಲ್ಲಿ ನುಡಿಸಿದವನ ಕೆಲಸಕ್ಕೆ ಕೈ ಹಾಕಿದಂತಾಗಲಿಲ್ಲ. ತೂಕದ ಕಲ್ಲಿಗೆ ಹತ್ತಿದ ಕೆಸರು ಒರೆಸಿದಂತಾಯಿತು. ಹಾಗೆಯೇ ಬೆರಳು ಬಿಟ್ಟ ಸುದ್ದಿ ಕಂಪ್ಯೂಟರಿಗೆ ತಲುಪದೆ ಒಂದು ಸ್ವರ ಹಾಡು ಮುಗಿದ ಮೇಲೂ ಕೂಗುತ್ತಲೇ ಇರುವುದುಂಟು. ಅದನ್ನು ನಿಲ್ಲಿಸಬೇಕು. ಒಂದೇ ಸ್ವರ ಎರಡು ಸಲ ದಾಖಲಾಗಿದ್ದರೆ ಒಂದನ್ನು ತೆಗೆಯಬೇಕು. ಇದರಲ್ಲಿ ವಿಚಾರ ಮಾಡುವಂಥದ್ದೇನೂ ಇಲ್ಲ.

ಇನ್ನು ಕೆಲವು ತಪ್ಪು ಬೆರಳಿನದು, ಆದರೆ ಮನಸ್ಸಿನದಲ್ಲ. ಗಾಂಧಾರ ಒತ್ತುವಾಗ ಪಕ್ಕದ ಮಧ್ಯಮಕ್ಕೆ ಬೆರಳ ಅಂಚು ತಾಕಿರುತ್ತದೆ. ಪಟ್ಟಿಯಲ್ಲಿ ನೋಡಿದರೆ ಅದರ ಬಲ 127ರಲ್ಲಿ ಹತ್ತು ಹನ್ನೆರಡರಷ್ಟಿರುತ್ತದೆ, ಉದ್ದವಂತೂ ಕಣ್ಣು ಮಿಟುಕಿಸುವಷ್ಟೂ ಇರುವುದಿಲ್ಲ. ನುಡಿಸಿದವನನ್ನು ಕೇಳಿದರೆ "ಅದು ತಾಕಿತ್ರೀ, ತೆಗೀರಿ" ಎಂದು ಅವನೇ ಹೇಳುತ್ತಾನೆ. ಇದು ಹರಳು. ಆರಿಸಿ ಎಸೆಯಬಹುದು. ಆದರೆ ಇಲ್ಲಿಯೂ ಎಚ್ಚರ ಬೇಕು. ಬಲ ಇಪ್ಪತ್ತಕ್ಕಿಂತ ಕಡಿಮೆ ಇರುವ ಎಲ್ಲ ಸ್ವರಗಳನ್ನೂ ಒಂದೇ ಸಲಕ್ಕೆ ಅಳಿಸು ಎಂಬ ಆಜ್ಞೆಯನ್ನೂ ಕಂಪ್ಯೂಟರಿಗೆ ಕೊಡಬಹುದು. ಆಗ ತಾಕಿದ ಸ್ವರದ ಜೊತೆಗೆ, ಬೇಕೆಂದೇ ಮೆಲ್ಲಗೆ ಸವರಿದ ಸ್ವರವೂ ಹೋಗುತ್ತದೆ. ಸಣ್ಣ ಕಾಳೆಲ್ಲ ಜೊಳ್ಳಲ್ಲ ಎಂಬುದು ರೈತನಿಗೆ ಗೊತ್ತು, ಜರಡಿಗೆ ಗೊತ್ತಿಲ್ಲ.

ನಿಜವಾದ ತೊಡಕು ಇರುವುದು ಕಾಲದಲ್ಲಿ. ಕಂಪ್ಯೂಟರಿನ ಪರದೆಯ ಮೇಲೆ ಮಾತ್ರೆ, ಅರೆಮಾತ್ರೆ, ಕಾಲುಮಾತ್ರೆಗಳಿಗೆ ಗೆರೆ ಎಳೆದಿರುತ್ತದೆ, ಹೊಲದಲ್ಲಿ ದಿಂಡು ಸಾಲು ಬಿಟ್ಟಂತೆ. ಮನುಷ್ಯ ನುಡಿಸಿದ ಯಾವ ಸ್ವರವೂ ಆ ಗೆರೆಯ ಮೇಲೆ ಸರಿಯಾಗಿ ಬಿದ್ದಿರುವುದಿಲ್ಲ. ಒಂದು ತುಸು ಮುಂದೆ, ಒಂದು ತುಸು ಹಿಂದೆ. ಕ್ವಾಂಟೈಸ್ ಎಂಬ ಒಂದು ಗುಂಡಿ ಇದೆ. ಅದನ್ನು ಒತ್ತಿದರೆ ಎಲ್ಲ ಸ್ವರಗಳೂ ಹತ್ತಿರದ ಗೆರೆಗೆ ಹೋಗಿ ಸಾಲಾಗಿ ನಿಲ್ಲುತ್ತವೆ. ಐದು ನಿಮಿಷದ ಭಜನೆಯ ಸಾವಿರಾರು ಸ್ವರಗಳು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ತಿದ್ದಿಬರುತ್ತವೆ. ನೋಡಲು ಬಹಳ ಅಂದ. ಕಣ್ಣಿಗೆ ಅಂದವಾದದ್ದು ಕಿವಿಗೂ ಅಂದವಾಗಿರಲೇಬೇಕೆಂದು ಹುಡುಗರು ನಂಬಿಬಿಡುತ್ತಾರೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ನಲವತ್ತು ವರ್ಷ ಭಜನೆಯಲ್ಲಿ ಹಾರ್ಮೋನಿಯಂ ಹಿಡಿದ ಒಬ್ಬ ಅಜ್ಜನನ್ನು ಕೀಬೋರ್ಡಿನ ಮುಂದೆ ಕೂರಿಸಿ, ಹಾಡುವವರ ಜೊತೆಗೆ ನುಡಿಸಲು ಹೇಳುತ್ತಾರೆ. ಅವರು ನುಡಿಸಿ ಮನೆಗೆ ಹೋಗುತ್ತಾರೆ. ಹುಡುಗ ರಾತ್ರಿ ಕುಳಿತು ಎಲ್ಲವನ್ನೂ ಗೆರೆಗೆ ಕೂರಿಸುತ್ತಾನೆ. ಮರುದಿನ ಅಜ್ಜನನ್ನು ಕರೆದು ಕೇಳಿಸುತ್ತಾನೆ.

"ಕೇಳ್ರಿ ಅಜ್ಜಾರ, ಎಲ್ಲಾ ಸರಿ ಮಾಡೀನಿ."

ಅಜ್ಜ ಪೂರ್ತಿ ಕೇಳಿ, "ಚಲೋ ಆಗೇತಿ ತಮ್ಮಾ. ಆದ್ರ ಇದನ್ನ ಯಾರು ಬಾರಿಸ್ಯಾರ?" ಎನ್ನುತ್ತಾರೆ.

ಹುಡುಗನಿಗೆ ಇದು ಅರ್ಥವಾಗುವುದಿಲ್ಲ. ಒಂದು ಸ್ವರವನ್ನೂ ಅವನು ಬದಲಿಸಿಲ್ಲ. ಸ, ರಿ, ಗ ಎಲ್ಲ ಅಜ್ಜ ಒತ್ತಿದ್ದೇ. ಪಟ್ಟಿ ತೆಗೆದು ಲೆಕ್ಕ ಮಾಡಿದರೆ ಒಂದೊಂದು ಸ್ವರ ಸರಿದದ್ದು ಸೆಕೆಂಡಿನ ನೂರರಲ್ಲಿ ಮೂರು ನಾಲ್ಕು ಪಾಲು ಮಾತ್ರ. ಅಷ್ಟಕ್ಕೇ ಅಜ್ಜ ಇಲ್ಲವಾದರೆ?

ಆದರು. ಸಾಥಿ ಕೂತವನ ಧರ್ಮವೇನು? ಹಾಡುವವನ ಉಸಿರನ್ನು ಕಾಯುವುದು. ಅವನು ಸ್ವರ ಎತ್ತಿದ ಮೇಲೆ ಎತ್ತುವುದು, ಅವನು ನಿಂತರೆ ನಿಲ್ಲುವುದು, ಎಂದೂ ಅವನಿಗಿಂತ ಮುಂದೆ ಹೋಗದಿರುವುದು. ನಲವತ್ತು ವರ್ಷ ಹಾಗೆ ಹಿಂದೆ ನಿಂತು ನಿಂತು ಅಜ್ಜನ ಬೆರಳಿಗೆ ಆ ಕೂದಲೆಳೆಯಷ್ಟು ತಡ ರೂಢಿಯಾಗಿದೆ. ಅದು ಅವರ ವಿನಯ. ಯಂತ್ರಕ್ಕೆ ಅದು ತಪ್ಪಾಗಿ ಕಂಡಿತು. ಏಕೆಂದರೆ ಯಂತ್ರವು ಅಜ್ಜನನ್ನು ಹಾಡುವವನ ಉಸಿರಿಗೆ ಹಿಡಿದು ಅಳೆಯಲಿಲ್ಲ. ತಾನೇ ಎಳೆದ ಗೆರೆಗೆ ಹಿಡಿದು ಅಳೆಯಿತು. ಅಳತೆಗೋಲು ಬದಲಾದರೆ ವಿನಯವೂ ದೋಷವಾಗಿ ಬರೆಯಲ್ಪಡುತ್ತದೆ.

ಇನ್ನೊಂದು ಸಂಗತಿ. ನಮ್ಮ ಭಜನೆ ಎಲ್ಲಿ ಆರಂಭವಾಗುತ್ತದೋ ಅದೇ ನಡೆಯಲ್ಲಿ ಮುಗಿಯುವುದಿಲ್ಲ. ಮೆಲ್ಲಗೆ ಎತ್ತಿಕೊಳ್ಳುತ್ತಾರೆ, ತಾಳದವರಿಗೆ ಹುರುಪು ಬಂದಂತೆ ಏರುತ್ತದೆ, ಕೊನೆಗೆ ಎಲ್ಲರೂ ಕೂಡಿ ಹಿಡಿದಾಗ ನಡೆ ಒಂದೂವರೆ ಪಟ್ಟಾಗಿರುವುದುಂಟು. ಯಾರೂ "ಈಗ ಜೋರು ಮಾಡೋಣ" ಎಂದು ಹೇಳಿರುವುದಿಲ್ಲ. ನಿಮಿಷಕ್ಕೆ ಇಷ್ಟೇ ಮಾತ್ರೆ ಎಂದು ಗೊತ್ತುಮಾಡಿ ಇದನ್ನೆಲ್ಲ ಗೆರೆಗೆ ಕೂರಿಸಿದರೆ ಭಜನೆ ಏರುವುದೇ ಇಲ್ಲ. ಹಾಡುವವರು ಕುಳಿತಲ್ಲೇ ಕುಳಿತಿರುತ್ತಾರೆ. ಆಲಾಪಕ್ಕಂತೂ ಮಾತ್ರೆಯ ಲೆಕ್ಕವೇ ಇಲ್ಲ. ಅದರ ಮೇಲೆ ಈ ಗುಂಡಿ ಒತ್ತುವುದು ಹರಿಯುವ ಹಳ್ಳಕ್ಕೆ ಗಜಕಡ್ಡಿ ಹಿಡಿದಂತೆ.

ಯಂತ್ರದ ಮೇಲೇ ಎಲ್ಲ ತಪ್ಪು ಹೊರಿಸುವುದು ನ್ಯಾಯವಲ್ಲ. ಅದೇ ಕಂಪ್ಯೂಟರಿನಲ್ಲಿ ಇನ್ನೊಂದು ದಾರಿಯೂ ಇದೆ. ನುಡಿಸಿದವನ ಮಾತ್ರೆ ಎಲ್ಲೆಲ್ಲಿ ಬಿತ್ತೆಂದು ಗುರುತು ಹಾಕುತ್ತ ಹೋದರೆ, ಗೆರೆಗಳೇ ಅವನ ಹಿಂದೆ ಸರಿಯುತ್ತ ಬರುತ್ತವೆ. ಅವನು ಏರಿದಲ್ಲಿ ಗೆರೆಗಳು ಒತ್ತೊತ್ತಾಗುತ್ತವೆ, ನಿಧಾನಿಸಿದಲ್ಲಿ ಬಿಡಿಬಿಡಿಯಾಗುತ್ತವೆ. ಗೆರೆಗೆ ಸ್ವರವನ್ನು ಪೂರ್ತಿ ಎಳೆಯದೆ ಅರ್ಧ ದಾರಿಗೆ ಮಾತ್ರ ಸರಿಸು ಎಂದು ಹೇಳಲೂ ಬರುತ್ತದೆ. ಇದಕ್ಕೆಲ್ಲ ಹೊತ್ತು ಹಿಡಿಯುತ್ತದೆ, ಕಿವಿ ಬೇಕಾಗುತ್ತದೆ. ಗುಂಡಿ ಒತ್ತುವುದಕ್ಕೆ ಅವೆರಡೂ ಬೇಡ. ಆದ್ದರಿಂದ ಇದು ಬಹುಮಟ್ಟಿಗೆ ಸೋಮಾರಿತನದ ಪ್ರಶ್ನೆಯೂ ಹೌದು.

ತಾಳದ ಪೆಟ್ಟನ್ನು ಗೆರೆಗೆ ಕೂರಿಸುವ ಈ ಪದ್ಧತಿಯನ್ನು ಬಳಕೆಗೆ ತಂದವರಲ್ಲಿ ಅಮೆರಿಕದ ರೋಜರ್ ಲಿನ್ ಮುಖ್ಯರು. 1980ರ ಸುಮಾರಿಗೆ ಅವರು ಮಾಡಿದ ತಾಳಯಂತ್ರದಲ್ಲಿ ಈ ಸೌಕರ್ಯವಿತ್ತು. ಆದರೆ ಅದೇ ಯಂತ್ರದಲ್ಲಿ ಅವರು ಇನ್ನೊಂದನ್ನೂ ಇಟ್ಟಿದ್ದರು. ಜೋಡಿ ಪೆಟ್ಟುಗಳಲ್ಲಿ ಎರಡನೆಯದನ್ನು ತುಸು ತಡಮಾಡಿ, ನಡೆಗೆ ಒಂದು ತೂಗಾಟ ತರುವ ಸೌಕರ್ಯ ಅದು. ತೀರ ನೆಟ್ಟಗಾದದ್ದು ಕಿವಿಗೆ ಹಿಡಿಸದೆಂಬುದು ಮಾಡಿದವರಿಗೇ ಗೊತ್ತಿತ್ತು ಎನ್ನಬೇಕು. ಮುಂದೆ ಅವರು ರೂಪಿಸಿದ ಎಂಪಿಸಿ ಎಂಬ ಯಂತ್ರಗಳಲ್ಲಿ ಒಂದನ್ನು ಹಿಡಿದು ಡೆಟ್ರಾಯಿಟಿನ ಜೇಮ್ಸ್ ಯಾನ್ಸಿ ಎಂಬ ತರುಣ, ಜೆ ಡಿಲ್ಲ ಎಂಬ ಹೆಸರಿನಿಂದ ಪ್ರಸಿದ್ಧನಾದ. ಅವನು ಕೆಲವು ಪೆಟ್ಟುಗಳನ್ನು ತಿದ್ದದೆ ಕೈಯಲ್ಲಿ ಬಿದ್ದಂತೆಯೇ ಬಿಟ್ಟ; ಇನ್ನು ಕೆಲವನ್ನು ಅದೇ ಯಂತ್ರದಿಂದ ಬೇಕೆಂದೇ ಗೆರೆಯಿಂದ ಹೊರಗೆ ಸರಿಸಿದ. ತಿದ್ದುವ ಉಪಕರಣದಿಂದಲೇ ಸೊಟ್ಟ ಮಾಡಿ ಹೊಸದೊಂದು ನಡೆಯನ್ನು ಕಂಡುಕೊಂಡ. 2006ರಲ್ಲಿ, 32ನೇ ವಯಸ್ಸಿಗೆ ತೀರಿಕೊಂಡ. ಅವನ ಆ ಯಂತ್ರ ಇವತ್ತು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿದೆ. ಅವನ ಬಗೆಯ ಸಂಗೀತ ನಮ್ಮ ಕಿವಿಗೆ ಹೊಂದದೆ ಹೋಗಬಹುದು. ಆದರೂ ಆ ಹುಡುಗನಿಂದ ತಿಳಿಯುವುದೊಂದಿದೆ. ಗೆರೆಯಿಂದ ದೂರ ಬಿದ್ದದ್ದೆಲ್ಲ ಅಜಾಗರೂಕತೆಯಲ್ಲ, ಅಲ್ಲಿ ಒಂದು ಮನಸ್ಸು ಕೆಲಸ ಮಾಡಿರಬಹುದು.

ಇದಕ್ಕೆ ತದ್ವಿರುದ್ಧವಾದ ಒಂದು ಗುಂಡಿಯೂ ಈಗಿನ ತಂತ್ರಾಂಶಗಳಲ್ಲಿದೆ. ಹ್ಯೂಮನೈಸ್ ಎಂದು ಅದರ ಹೆಸರು, ಮಾನವೀಯಗೊಳಿಸುವುದು ಎಂದು ಅರ್ಥ ಮಾಡಬಹುದು. ಎಲ್ಲವನ್ನೂ ಗೆರೆಗೆ ಕೂರಿಸಿದ ಮೇಲೆ ಬಹಳ ಒಣಗಿಹೋಯಿತೆಂದು ತೋರಿದರೆ ಈ ಗುಂಡಿ ಒತ್ತುತ್ತಾರೆ. ಆಗ ಕಂಪ್ಯೂಟರು ಕವಡೆ ಎಸೆದಂತೆ ಲೆಕ್ಕ ಹಾಕಿ ಸ್ವರಗಳನ್ನು ಒಂದಿಷ್ಟು ಹಿಂದೆ ಮುಂದೆ ಚೆಲ್ಲುತ್ತದೆ, ಬಲವನ್ನು ಒಂದಿಷ್ಟು ಹೆಚ್ಚು ಕಡಿಮೆ ಮಾಡುತ್ತದೆ. ಅಂದರೆ ಅಜ್ಜನ ತಡವನ್ನು ಅಳಿಸಿ, ಆ ಜಾಗಕ್ಕೆ ಯಾರದ್ದೂ ಅಲ್ಲದ ತಡವನ್ನು ತಂದು ಹಾಕಿದಂತಾಯಿತು. ಗಿರಣಿಯಲ್ಲಿ ಅಕ್ಕಿಗೆ ಪಾಲಿಶ್ ಕೊಟ್ಟ ಮೇಲೆ, ಮನೆಯಲ್ಲಿ ಕುಟ್ಟಿದ್ದೆಂದು ತೋರಲಿ ಎಂದು ನಾಲ್ಕು ಭತ್ತದ ಕಾಳು ಬೆರೆಸಿದ ವ್ಯಾಪಾರಿಯನ್ನು ನಾವು ಏನೆಂದು ಕರೆಯುತ್ತೇವೆ? ಪೂರ್ತಿ ಯಂತ್ರದಲ್ಲೇ ಕಟ್ಟಿದ ಹಾಡಿಗೆ ಒಣಗು ಹೋಗಲೆಂದು ಇದನ್ನು ಬಳಸಿದರೆ ನನ್ನ ತಕರಾರಿಲ್ಲ. ಮನುಷ್ಯ ನುಡಿಸಿದ್ದರ ಮೇಲೆ ಬಳಸುವುದು ನನಗೆ ಸಹಿಸದ ಕೆಲಸ.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು, ಅದು ಹಗುರವಾದದ್ದಲ್ಲ. ಕೇಳುವವನಿಗೆ ಬೇಕಾದದ್ದು ಇಂಪು. ಅದು ಹೇಗೆ ಬಂತೆಂಬ ವಿಚಾರ ಅವನಿಗೇಕೆ? ಕವಿ ಪದ್ಯವನ್ನು ಹತ್ತು ಸಲ ತಿದ್ದಿ ಅಚ್ಚಿಗೆ ಕೊಡುತ್ತಾನೆ, ಅವನನ್ನು ಯಾರೂ ಮೋಸಗಾರನೆನ್ನುವುದಿಲ್ಲ. ವಾದಕನಿಗೆ ಮಾತ್ರ ಒಂದೇ ಸಲ ಎಂಬ ಶಿಕ್ಷೆ ಏಕೆ? ಈ ವಾದವನ್ನು ಬಹಳ ಧೈರ್ಯದಿಂದ ಮಾಡಿದವರು ಕೆನಡಾದ ಪಿಯಾನೊ ವಾದಕ ಗ್ಲೆನ್ ಗೂಲ್ಡ್. ಹೆಸರು ಉತ್ತುಂಗದಲ್ಲಿದ್ದಾಗಲೇ, 1964ರಲ್ಲಿ, ಅವರು ಸಭೆಯ ಮುಂದೆ ನುಡಿಸುವುದನ್ನು ಬಿಟ್ಟು ಮುದ್ರಣದ ಖೋಲಿ ಸೇರಿದರು. 1966ರಲ್ಲಿ ಬರೆದ ಒಂದು ಲೇಖನದಲ್ಲಿ ತಮ್ಮದೇ ಉದಾಹರಣೆ ಕೊಟ್ಟರು. ಬಾಖ್‌ನ ಒಂದು ರಚನೆಯನ್ನು ಹಲವು ಸಲ ನುಡಿಸಿ ಮುದ್ರಿಸಿದ್ದರಂತೆ. ಅದರಲ್ಲಿ ಆರನೆಯದೂ ಎಂಟನೆಯದೂ ತಪ್ಪಿಲ್ಲದೆ ಬಂದಿದ್ದವು. ಆದರೆ ಒಂದು ಉದ್ದಕ್ಕೂ ಗಂಭೀರ, ಇನ್ನೊಂದು ಉದ್ದಕ್ಕೂ ಉಲ್ಲಾಸ, ಯಾವುದೊಂದೂ ಸಾಲದೆನಿಸಿತು. ಆದಿ ಅಂತ್ಯಗಳನ್ನು ಆರನೆಯದರಿಂದಲೂ ನಡುವಿನದನ್ನು ಎಂಟನೆಯದರಿಂದಲೂ ಕತ್ತರಿಸಿ ಜೋಡಿಸಿದಾಗ, ತಾವು ಕುಳಿತು ಒಮ್ಮೆಗೇ ನುಡಿಸಲಾಗದ್ದು ಅವರಿಗೆ ದಕ್ಕಿತು.

ಗೂಲ್ಡ್ ಮಾಡಿದ್ದು ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಎರಡೂ ಅವರ ಬೆರಳಿನವೇ. ಆರಿಸಿದ ಕಿವಿಯೂ ಅವರದೇ. ಜೋಡಿಸಿದ್ದೇನೆಂದು ಊರೆಲ್ಲ ಕೇಳುವಂತೆ ಹೇಳಿದವರೂ ಅವರೇ. ನಮ್ಮ ಕಲ್ಪನೆಯ ಹುಡುಗನ ಕೆಲಸದಲ್ಲಿ ಈ ಮೂರರಲ್ಲಿ ಎಷ್ಟು ಉಳಿದಿವೆ ಎಂದು ನೋಡಿದರೆ ಭೇದ ತಿಳಿಯುತ್ತದೆ. ಬೆರಳು ಅಜ್ಜನದು, ಕಿವಿ ಅಜ್ಜನದಲ್ಲ. ಹುಡುಗನದೂ ಅಲ್ಲ, ಯಂತ್ರದ್ದು.

ಈ ದಾರಿಯ ಇನ್ನೊಂದು ತುದಿಯಲ್ಲಿ ಏನಿದೆ ಎಂಬುದಕ್ಕೆ ಇಂಗ್ಲೆಂಡಿನಲ್ಲಿ ನಡೆದ ಒಂದು ಸಂಗತಿ ಸಾಕ್ಷಿ. ಜಾಯ್ಸ್ ಹ್ಯಾಟೊ ಎಂಬ ಪಿಯಾನೊ ವಾದಕಿಯ ಹೆಸರಿನಲ್ಲಿ ಅವರ ಪತಿ ನೂರಕ್ಕೂ ಹೆಚ್ಚು ಸಿ.ಡಿ.ಗಳನ್ನು ಹೊರತಂದಿದ್ದರು. ಕಾಯಿಲೆಯಲ್ಲೂ ಹೀಗೆ ನುಡಿಸಿದ್ದಾರಲ್ಲ ಎಂದು ವಿಮರ್ಶಕರು ಬೆರಗಾಗಿ ಹೊಗಳಿದರು. ಆಕೆ 2006ರಲ್ಲಿ ತೀರಿಕೊಂಡರು. 2007ರಲ್ಲಿ ಒಬ್ಬ ಕೇಳುಗ ಒಂದು ಸಿ.ಡಿ.ಯನ್ನು ಕಂಪ್ಯೂಟರಿಗೆ ಹಾಕಿದಾಗ ಪರದೆಯ ಮೇಲೆ ಬೇರೆ ವಾದಕನ ಹೆಸರು ಮೂಡಿತು. ಹುಡುಕುತ್ತ ಹೋದಂತೆ ಒಂದರ ಹಿಂದೆ ಒಂದು ಇತರ ವಾದಕರ ಮುದ್ರಣಗಳೆಂದು ಬಯಲಾಯಿತು. ಕೆಲವನ್ನು ಗುರುತು ಸಿಗದಂತೆ ವೇಗ ಹೆಚ್ಚು ಕಡಿಮೆ ಮಾಡಿ ಬಳಸಲಾಗಿತ್ತು. ಪತಿ ಕೊನೆಗೆ ಒಪ್ಪಿಕೊಂಡರು. ಸ್ವರಗಳು ಮೊದಲಿನಷ್ಟೇ ಇಂಪಾಗಿದ್ದವು. ಹಿಂದಿನ ದಿನ ಹೊಗಳಿದವರಿಗೆ ಮರುದಿನ ಅವೇ ಸ್ವರಗಳನ್ನು ಕೇಳುವುದು ಕಷ್ಟವಾಯಿತು. ಇಂಪಷ್ಟೇ ಬೇಕಾಗಿದ್ದರೆ ಹೀಗೇಕಾಗಬೇಕಿತ್ತು? ಕೇಳುವವನು ಸ್ವರದ ಜೊತೆಗೆ ಒಬ್ಬ ಮನುಷ್ಯನನ್ನೂ ನಂಬಿರುತ್ತಾನೆ.

ನಮ್ಮ ಸಂಗೀತಕ್ಕೆ ಬಂದಾಗ ಇನ್ನೊಂದು ತೊಡಕು ಸೇರುತ್ತದೆ. ಮಿಡಿಯ ಮನೆಗಳು ಹಾರ್ಮೋನಿಯಂ ಮನೆಗಳಂತೆಯೇ ಹನ್ನೆರಡು. ಮೀಂಡು, ಗಮಕಗಳಿಗೆ ಅಲ್ಲಿ ಜಾಗವಿಲ್ಲ. ಈ ಕೊರತೆಗಾಗಿಯೇ 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂನ್ನು ಹೊರಗಿಟ್ಟಿತ್ತು. 1971ರಲ್ಲಿ ಆ ಕಟ್ಟು ಸಡಿಲವಾಯಿತು. ಆ ಮೂವತ್ತು ವರ್ಷವೂ ನಮ್ಮ ಕಡೆ ಭಜನೆಯವರು ಪೆಟ್ಟಿಗೆ ಬಿಡಲಿಲ್ಲ. ಗದಗಿನ ಪುಟ್ಟರಾಜ ಗವಾಯಿಗಳಂಥವರ ಕೈಯಲ್ಲಿ ಅದು ಏನೇನು ನುಡಿಯಿತೆಂಬುದನ್ನು ಕೇಳಿದವರು ಬಲ್ಲರು. ಮಿಡಿ ಕೀಬೋರ್ಡಿನಲ್ಲಿ ಈ ಕೊರತೆ ನೀಗಿಸಲು ಒಂದು ಗಾಲಿ ಇಟ್ಟಿದ್ದಾರೆ. ಅದನ್ನು ತಿರುಗಿಸಿದರೆ ಸ್ವರ ಬಾಗುತ್ತದೆ. ಬಾಗುವಿಕೆಯನ್ನು 16,384 ಮೆಟ್ಟಿಲುಗಳಲ್ಲಿ ಬರೆದುಕೊಳ್ಳುತ್ತದೆ. ಬಲ್ಲವನು ಅದರಲ್ಲಿ ಒಳ್ಳೆಯ ಮೀಂಡು ತೆಗೆಯುತ್ತಾನೆ. ಆದರೆ ಪಟ್ಟಿಯಲ್ಲಿ ಅದು ಸಾವಿರಾರು ಸಣ್ಣ ಅಂಕಿಗಳ ಗೊಂದಲದಂತೆ ಕಾಣುತ್ತದೆ. ರಾಗ ತಿಳಿಯದವನು ಹಸನು ಮಾಡಲು ಕುಳಿತರೆ ಮೊದಲು ಕೈ ಹಾಕುವುದು ಅದಕ್ಕೇ. ಅಂಕಿಗಳನ್ನು ತೆಳು ಮಾಡುತ್ತಾನೆ, ಗೆರೆಯನ್ನು ನುಣ್ಣಗೆ ಮಾಡುತ್ತಾನೆ. ಮೀಂಡು ಹೋಗಿ ಜಾರುಬಂಡೆಯಾಗುತ್ತದೆ. ಕಳೆ ಯಾವುದು, ಪೈರು ಯಾವುದು ಗೊತ್ತಿಲ್ಲದವನನ್ನು ಹೊಲಕ್ಕೆ ಬಿಡಬಾರದು. ಈ ಮಾತು ಖಾರವಾಯಿತಾದರೂ ಹಿಂದಕ್ಕೆ ತೆಗೆದುಕೊಳ್ಳಲಾರೆ.

ನನ್ನನ್ನು ಹೆಚ್ಚು ಕಾಡುವುದು ಕಲಿಯುವ ಮಕ್ಕಳ ಸಂಗತಿ. ಹತ್ತು ವರ್ಷದ ಹುಡುಗಿ ಹುಟ್ಟಿದಾಗಿನಿಂದ ತಿದ್ದಿದ ಸಂಗೀತವನ್ನೇ ಕೇಳಿದ್ದಾಳೆ ಎಂದುಕೊಳ್ಳಿ. ಅವಳು ಪೆಟ್ಟಿಗೆ ಮುಂದೆ ಕುಳಿತು ಬೆರಳಿಟ್ಟಾಗ, ತನ್ನ ಕೈಯಲ್ಲಿ ಹಾಗೆ ಬರುವುದಿಲ್ಲವೆಂದು ಮೊದಲ ವಾರದಲ್ಲೇ ತಿಳಿಯುತ್ತದೆ. ಯಾರ ಕೈಯಲ್ಲೂ ಹಾಗೆ ಬರುವುದಿಲ್ಲವೆಂದು ಅವಳಿಗೆ ಯಾರು ಹೇಳಬೇಕು? ಎದುರಿಗೆ ಕುಳಿತ ಅಜ್ಜನ ನುಡಿಸಾಣಿಕೆಯೂ ಅವಳ ಕಿವಿಗೆ ಆಗ ತಪ್ಪೇ. ಮಂಡಳಿಯವರು ಜಾತ್ರೆಗೆ ಸಾಥಿಯವರನ್ನು ಕರೆಸುವ ಬದಲು ಒಂದು ಪೆನ್‌ಡ್ರೈವು ಹಚ್ಚಿ ಅದರ ಮೇಲೆ ಹಾಡತೊಡಗಿದರೆ, ಹಾಡುವವರು ಯಂತ್ರದ ಉಸಿರನ್ನು ಕಾಯಬೇಕಾಗುತ್ತದೆ. ಸಾಥಿ ಯಾರು, ಹಾಡುವವರು ಯಾರು ಎಂಬುದು ಅದಲು ಬದಲಾಗುತ್ತದೆ.

2020ರಲ್ಲಿ ಮಿಡಿಯ ಎರಡನೆಯ ಆವೃತ್ತಿ ಬಂದಿದೆ. ಬೆರಳಿನ ಬಲವನ್ನು 128ರ ಬದಲು 65,536 ಮೆಟ್ಟಿಲುಗಳಲ್ಲಿ ಅದು ಬರೆದುಕೊಳ್ಳಬಲ್ಲದು. ಮನುಷ್ಯನನ್ನು ಇನ್ನಷ್ಟು ಸೂಕ್ಷ್ಮವಾಗಿ ಬರೆದುಕೊಳ್ಳುವ ಸೌಕರ್ಯ ಬರುತ್ತಿರುವಾಗ, ಬರೆದದ್ದನ್ನು ಒಂದೇ ಗುಂಡಿಯಿಂದ ನೆಲಸಮ ಮಾಡುವ ಆತುರವೂ ಹೆಚ್ಚುತ್ತಿರುವುದು ವಿಚಿತ್ರ.

ಈ ಕೆಲಸ ಮಾಡುವ ತರುಣರು ಹಸನು ಮಾಡುವಾಗ ನುಡಿಸಿದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕೆಂದು ನನ್ನ ಕೇಳಿಕೆ. ಅವರಿಗೆ ಪರದೆಯ ಮೇಲಿನ ಗೆರೆ ತಿಳಿಯಬೇಕಾಗಿಲ್ಲ. ಕೇಳಿಸಿ, "ಇದು ತಾಕಿದ್ದೋ, ಬೇಕಂತ ಬಾರಿಸಿದ್ದೋ?" ಎಂದು ಕೇಳಿದರೆ ಸಾಕು, ಮುಕ್ಕಾಲು ಪಾಲು ತಕರಾರು ಅಲ್ಲೇ ಬಗೆಹರಿಯುತ್ತದೆ. ನುಡಿಸಿದವರು ತೀರಿಕೊಂಡಿದ್ದರೆ ಕೇಳಲು ಯಾರೂ ಇರುವುದಿಲ್ಲ. ಅಂಥ ಮುದ್ರಣದಲ್ಲಿ ಯಂತ್ರದ ತಡವನ್ನು ಸರಿಪಡಿಸಿ, ನಿಲ್ಲದೆ ಕೂಗುವ ಸ್ವರವನ್ನು ನಿಲ್ಲಿಸಿ, ಉಳಿದದ್ದನ್ನು ಮುಟ್ಟದೆ ಬಿಡುವುದು ಲೇಸು. ಮೊಮ್ಮಕ್ಕಳು ಆ ಮುದ್ರಣ ತೆರೆದು ಕೇಳುವುದು ತಾಳದ ಪಾಠಕ್ಕಾಗಿ ಅಲ್ಲ.

ಮತ್ತು ತಿದ್ದುವ ಮೊದಲು ಮೂಲದ ಒಂದು ಪ್ರತಿಯನ್ನು, ತಾರೀಖು ಮತ್ತು ನುಡಿಸಿದವರ ಹೆಸರು ಹಾಕಿ, ಬೇರೆಯಾಗಿ ಇಡಬೇಕು. ಕಂಪ್ಯೂಟರಿನಲ್ಲಿ ಜಾಗವಿಲ್ಲ ಎಂಬ ಸಬೂಬು ಇಲ್ಲಿ ನಡೆಯುವುದಿಲ್ಲ. ಮಿಡಿಯಲ್ಲಿ ಇರುವುದು ಬರೀ ಪಟ್ಟಿಯಾದ್ದರಿಂದ, ಐದು ನಿಮಿಷದ ಒಂದು ಭಜನೆ ಹಿಡಿಯುವ ಜಾಗ, ಮೊಬೈಲಿನಲ್ಲಿ ನಾವು ದಿನಾಲು ಕಳಿಸುವ ಒಂದು ಫೋಟೊ ಹಿಡಿಯುವ ಜಾಗಕ್ಕಿಂತ ಕಡಿಮೆ.